ಕಲಾಯಿ ಲೋಟದ ಪರೀಕ್ಷೆ

ಹಸಿರು, ಅದರ ಕೆಳಗೆ ಮತ್ತೊಂದು ಹಸಿರು, ಅದರ ಕೆಳಗೂ ಹಸಿರೇ, ಪರದೆಯ ಎಡಗಡೆ ಗುರುತುಗಳು ಒಂದೊಂದಾಗಿ ಮೂಡಿ ಮೇಲಕ್ಕೆ ಸರಿಯುತ್ತಿವೆ, ಹೊರಗೆ ಗೂಡ್ಸ್ ಗಾಡಿಯೊಂದು ಯಾದಗಿರಿ ಸ್ಟೇಷನ್ನಿನಲ್ಲಿ ನಿಲ್ಲದೆ ಹಾದುಹೋಗುತ್ತಿದೆ, ಮೇಜಿನ ಮೇಲಿನ ಸ್ಟೀಲ್ ಲೋಟದಲ್ಲಿ ನೀರು ಸಣ್ಣಗೆ ನಡುಗಿ ಉಂಗುರವಾಗುತ್ತಿದೆ, ಅರ್ಜುಮಂದ ನೀರನ್ನೂ ನೋಡುತ್ತಾಳೆ, ಗುರುತುಗಳನ್ನೂ ನೋಡುತ್ತಾಳೆ, ಎರಡನ್ನೂ ನೋಡುತ್ತಿಲ್ಲ—ಹಸಿರು ಕಂಡರೆ ಅಬ್ಬಾನಿಗೆ ಆಗುತ್ತಿರಲಿಲ್ಲ. ತಾಮ್ರದ ಪಾತ್ರೆಯ ತಳದಲ್ಲಿ ಸಾಸಿವೆಯಷ್ಟು ಹಸಿರು ಕಂಡರೂ ಹುಬ್ಬು ಗಂಟಾಗುತ್ತಿತ್ತು, ಕಿಲುಬು, ಯಾ ಅಲ್ಲಾ, ಇದರಾಗ ಹುಳಿ ಸಾರು ಕಾಸಿ ಉಂಡಾರ ಇವರು, ಹೆಂಗ ಬದುಕ್ಯಾರ, ಎಂದು ತಮಗೆ ತಾವೇ ಅಂದುಕೊಂಡು ತವರದ ಕಲಾಯಿ ಹಾಕಲು ಇದ್ದಿಲಿನ ಚೀಲ ಬಿಚ್ಚುತ್ತಿದ್ದರು, ನೆಲದಲ್ಲಿ ಸಣ್ಣ ಕುಣಿ ತೋಡಿ, ತಿದಿ ಹೂಡಿ, ಪಾತ್ರೆ ಕೆಂಪಗೆ ಕಾಯುವ ಹೊತ್ತಿಗೆ ನವಸಾಗರದ ಪುಡಿ ಉದುರಿಸಿದರೆ ಬುಸ್ಸೆಂದು ಬಿಳಿ ಹೊಗೆ, ಹೊಗೆಯೊಳಗಿಂದ ಅಬ್ಬಾನ ಕೆಮ್ಮು—ಅಂಥವರ ಮಗಳು ಈಗ ದಿನಕ್ಕೆ ಹತ್ತು ಸಲ ಹಸಿರನ್ನೇ ಕಾಯುತ್ತ ಕೂಡುತ್ತಾಳೆ. ಹಸಿರು ಬಂದರೆ ಸರಿ ಅಬ್ಬಾ, ಕೆಂಪು ಬಂದರೆ ತಪ್ಪು, ಎಂದು ಒಮ್ಮೆ ತನ್ನ ಕೆಲಸ ವಿವರಿಸಿದ್ದಳು, ಅವರಿಗೆ ಇನ್ನೂ ಮಾತಿದ್ದಾಗ, ಅವರು ಬೀಡಿ ಬಾಯಿಂದ ತೆಗೆದು ನಕ್ಕಿದ್ದರು, ನಿಮ್ಮ ಧಂದಾನೇ ಉಲ್ಟಾ ಅದ ಬೇಟಾ.

ಇನ್ನೂರ ಹನ್ನೆರಡು ಹಸಿರು, ಒಂದು ಬೂದು. ಓಟ ಮುಗಿಯಿತು. ಬೂದು ಎಂದರೆ ಓಡಿಸಲಿಲ್ಲ, ಬಿಟ್ಟುಬಿಟ್ಟೆ ಎಂದು ಅರ್ಥ, ತಪ್ಪೂ ಅಲ್ಲ ಸರಿಯೂ ಅಲ್ಲ, ಪಟ್ಟಿಯ ಕಟ್ಟಕಡೆಗೆ, ಇನ್ನೂರ ಹದಿಮೂರನೆಯದು, ಅವಳೇ ಇಟ್ಟ ಹೆಸರು, ಅಬ್ಬಾ-ನೀರು. ಸ್ಟೇಷನ್ ರಸ್ತೆಯ ಬಟ್ಟೆ ಅಂಗಡಿಯ ಮೇಲಿನ ಈ ಕೋಣೆಯಲ್ಲಿ ಮೂರೇ ಮೇಜು, ಒಂದು ಶ್ರೀಮಂತ ಸರ್‌ದು, ಕಂಪನಿ ಅವರದೇ, ಒಂದು ಪಂಚಶೀಲಾಳದು, ಕೋಡ್ ಬರೆಯುವವಳು, ಕಿಟಕಿಯ ಪಕ್ಕದ್ದು ಇವಳದು, ಪಂಚಶೀಲಾ ಬರೆದದ್ದನ್ನು ಪರೀಕ್ಷಿಸುವ ಯಂತ್ರವನ್ನು ಇವಳು ಬರೆಯುತ್ತಾಳೆ. ಕಟ್ಟುತ್ತಿರುವುದು ಮಾತಿನ ಹಲಗೆ, ಲಕ್ವಾ ಹೊಡೆದು ಬಾಯಿ ಹೋದವರಿಗೆ, ಟ್ಯಾಬಿನ ಮೇಲೆ ಒಂಬತ್ತು ಚಿತ್ರ, ಲೋಟ, ಹಾಸಿಗೆ, ಗುಳಿಗೆ, ನೋವಿನ ಮುಖ, ಮುಟ್ಟಿದರೆ ಅದು ಅವರ ಪರವಾಗಿ ಮಾತಾಡುತ್ತದೆ. ಹಳೆಯ ಟ್ಯಾಬಿನಲ್ಲೂ ತಡವರಿಸದೆ ಓಡಲಿ ಎಂದು ಪಂಚಶೀಲಾಳ ಕೋಡ್ ಕಂಪೈಲ್ ಆಗಿ ಒಂದು ಮುಚ್ಚಿದ ಗಂಟಾಗಿ ಬ್ರೌಸರಿನೊಳಗೆ ಇಳಿಯುತ್ತದೆ, ಇಳಿದು ಇಡೀ ಪರದೆಯನ್ನು ಒಂದೇ ಚಿತ್ರವಾಗಿ ಬಳಿದುಬಿಡುತ್ತದೆ, ಮನುಷ್ಯರ ಕಣ್ಣಿಗೆ ಅಲ್ಲಿ ಲೋಟ ಕಾಣುತ್ತದೆ, ಪರೀಕ್ಷೆಯ ಕಣ್ಣಿಗೆ ಬರೀ ಖಾಲಿ ಹಾಳೆ, ಅದಕ್ಕೇ ಪ್ರತಿ ಚಿತ್ರದ ಹಿಂದೆ ಕಾಣದ ಹಾಗೆ ಒಂದು ಹೆಸರು ಬರೆಸಿದ್ದಾಳೆ, ಪರೀಕ್ಷೆ ಕುರುಡರಂತೆ ಆ ಹೆಸರು ತಡವಿ ಹುಡುಕಿ, ನಟ್ಟನಡುವೆ ಒಂದು ಸಲ ಮುಟ್ಟಿ, ಧ್ವನಿ ಹೊರಟಿತೇ ಎಂದು ನೋಡಿ, ಹಸಿರು ಹಾಕಿ ಮುಂದಕ್ಕೆ ಹೋಗುತ್ತದೆ. ಇದೆಲ್ಲ ಆಗುವುದು ಪರದೆಯೇ ಇಲ್ಲದ ಬ್ರೌಸರಿನಲ್ಲಿ, ಯಾರೂ ನೋಡದ ಕಿಟಕಿ, ಯಾರ ಕಿವಿಗೂ ಬೀಳದ ಮಾತು. ನಿನ್ನ ರೋಬೋಟ್ ನೋಡಿದರ ನಮ್ಮ ಸುರಪುರ ಬಸ್ಸಿನ ಕಂಡಕ್ಟರ್ ನೆನಪಾಗತಾನಲೇ ಅರ್ಜು, ಮುಟ್ಟಿದ್ನೋ ಇಲ್ಲೋ ಅನ್ನೋದ್ರಾಗ ಮುಂದಿನ ಸೀಟಿಗಿ ಹೋಗಿರತಾನ, ಎಂದು ಪಂಚಶೀಲಾ ನಗಿಸಿದ್ದು ಯಾವಾಗ, ಚಳಿಗಾಲದಲ್ಲಿ, ಆಗ ನಗು ಬರುತ್ತಿತ್ತು.

ಇವತ್ತು ಶುಕ್ರವಾರ, ಗಡಿಯಾರದಲ್ಲಿ ಎರಡೂವರೆ, ನಾಲ್ಕಕ್ಕೆ ಶ್ರೀಮಂತ ಸರ್ ಹತ್ತು ಟ್ಯಾಬುಗಳನ್ನು ಕಾರಿಗೆ ಹಾಕಿಕೊಂಡು ಶಹಾಪುರಕ್ಕೆ ಹೋಗಬೇಕು, ಅಲ್ಲಿ ಮಾತು ಕಲಿಸುವ ಆರೈಕೆ ಮನೆಯಲ್ಲಿ ದೇವಿಕಾ ಮೇಡಂ ಹತ್ತು ಮಂದಿಯನ್ನು ಸಾಲಾಗಿ ಕೂರಿಸಿಕೊಂಡು ಕಾಯುತ್ತಾರೆ. ಅವರದೊಂದೇ ಷರತ್ತು, ಪಟ್ಟಿಯಲ್ಲಿ ಎಲ್ಲ ಹಸಿರಿರಬೇಕು, ಕೆಂಪೂ ಬ್ಯಾಡ, ಬಿಟ್ಟಿದ್ದೂ ಬ್ಯಾಡ, ನಮ್ಮ ಮಂದಿ ಒಮ್ಮಿ ಒತ್ತಿ ಧ್ವನಿ ಬರಲಿಲ್ಲಂದ್ರ ಎರಡನೇ ಸಲ ಮುಟ್ಟಂಗಿಲ್ರಿ. ಸರ್ ಬೆಳಿಗ್ಗೆಯಿಂದ ನಾಲ್ಕು ಸಲ ಬೆನ್ನ ಹಿಂದೆ ಬಂದು ನಿಂತಿದ್ದಾರೆ, ನಾಲ್ಕನೆಯ ಸಲ ಗಂಟಲು ಸರಿಮಾಡಿಕೊಂಡರು, ನೋಡವ್ವಾ, ತಪ್ಪು ತಿಳಕೋಬ್ಯಾಡ, ಆ ಕಡೀದೊಂದು ಅಳಿಸಿಬಿಡು. ಅವಳು ತಿರುಗಲಿಲ್ಲ. ಅದು ನಿಮ್ಮ ಅಬ್ಬಾ ಒಬ್ಬರ ಕೈಯಿಂದ ಮಾಡಿದ ಪರೀಕ್ಷೆ, ಈಗ ಅವರೇ ಇಲ್ಲ, ಯಾರ ಸಲುವಾಗಿ ಇಟ್ಕೊಂಡು ಕುಂದ್ರೋಣು ಹೇಳು. ಸರ್ ಕೆಟ್ಟವರಲ್ಲ, ಅಬ್ಬಾನ ಮಯ್ಯತ್ತಿನ ದಿನ ಬೆಳಿಗ್ಗೆಯಿಂದ ಸಂಜೆಯ ತನಕ ಅಂಗಳದಲ್ಲಿ ನಿಂತಿದ್ದರು, ನಲವತ್ತನೆಯ ದಿನದ ಚಾಳೀಸ್ವಾಕ್ಕೆ ಬಂದು ಮೂಲೆಯಲ್ಲಿ ಕೂತು ಉಂಡು ಹೋದರು, ಹೇಳಿದ್ದು ಸರಿಯಾಗಿಯೇ ಇದೆ, ಇಲ್ಲದವರ ಬೆರಳು ಯಾವ ಗಾಜನ್ನೂ ಮುಟ್ಟುವುದಿಲ್ಲ, ಒಂದು ಸಾಲು ಅಳಿಸಿದರೆ ಬೂದು ಹೋಗುತ್ತದೆ, ಇನ್ನೂರ ಹನ್ನೆರಡಕ್ಕೆ ಇನ್ನೂರ ಹನ್ನೆರಡು. ಹೂಂ ಸರ್, ಎಂದಳು. ಅಳಿಸಲಿಲ್ಲ. ಬೆರಳು ಕೀಲಿಯ ಮೇಲೆ ಇದೆ, ಒತ್ತುತ್ತಿಲ್ಲ.

ಲಕ್ವಾ ಹೊಡೆದದ್ದು ರಾಮಸಮುದ್ರದಲ್ಲಿ, ಯಾರದೋ ಮನೆಯ ಕಟ್ಟೆಯ ಮುಂದೆ, ಪಾತ್ರೆ ಬೆಂಕಿಯ ಮೇಲಿತ್ತಂತೆ, ಬಲಗೈ ಅರ್ಧ ಉಳಿಯಿತು, ಮಾತು ಪೂರ್ತಿ ಹೋಯಿತು. ಸುರಪುರದ ಒಂದು ಓಣಿಯ ಬಾಯಿಯಲ್ಲಿ ಕಲಾಯೀ ಎಂದು ಕೂಗಿದರೆ ಇನ್ನೊಂದು ಬಾಯಿಯಲ್ಲಿ ಹೆಂಗಸರು ಕೊಳಗ ಎತ್ತಿಕೊಂಡು ಹೊರಬರುತ್ತಿದ್ದರು, ಆ ಕೂಗು, ನಡುವೆ ಎಲ್ಲೂ ಉಸಿರು ತೆಗೆದುಕೊಳ್ಳದ ಆ ಉದ್ದನೆಯ ಈಕಾರ, ಅದು ಎಲ್ಲಿ ಹೋಗಿ ಕೂತಿತು, ಮನುಷ್ಯನ ಒಳಗೆ ಅಷ್ಟು ದೊಡ್ಡ ಕೂಗು ಅಡಗುವಷ್ಟು ಜಾಗ ಎಲ್ಲಿದೆ. ಆಸ್ಪತ್ರೆಯಿಂದ ಬಂದ ಮೇಲೆ ಮನೆಯಲ್ಲಿ ಎಲ್ಲರೂ ಮೆಲ್ಲಗೆ ಮಾತಾಡತೊಡಗಿದರು, ಅವರಿಗೆ ಕಿವಿ ನೆಟ್ಟಗೇ ಇತ್ತು, ಆದರೂ. ಅಮ್ಮಾ, ಖುರ್ಷೀದಬೇಗಂ, ಜಗಳಕ್ಕಾದರೂ ಎದುರುತ್ತರ ಬೇಕಾದವರು, ಎದುರಿಗೆ ಉತ್ತರವಿಲ್ಲದೆ ಅವರ ಬೈಗುಳವೂ ಒಣಗಿತು. ಆಗಲೇ ಸರ್ ಅಂದದ್ದು, ನಿಮ್ಮ ಮನ್ಯಾಗ ಒಬ್ಬರದಾರಲ್ಲ, ಮೊದಲನೇ ಹಲಗಿ ಅವರ ಕೈಯಾಗ ಕೊಡು. ಕೊಟ್ಟಳು. ನೀರಿನ ಚಿತ್ರಕ್ಕೆ ಮನೆಯ ತಾಮ್ರದ ಲೋಟದ್ದೇ ಫೋಟೊ, ಪ್ರತಿ ರಂಜಾನಿನ ಮೊದಲು ಅಬ್ಬಾ ಹೊಸದಾಗಿ ಕಲಾಯಿ ಹಾಕುತ್ತಿದ್ದ ಲೋಟ, ಮೇಲಿನಿಂದ ತೆಗೆದದ್ದು, ಹೊರಗೆ ತಾಮ್ರದ ತೆಳ್ಳಗಿನ ಅಂಚು, ಒಳಗೆಲ್ಲ ಹಾಲಿನಂಥ ದುಂಡು ಬಿಳುಪು. ಧ್ವನಿ ಅವಳದೇ, ಮನೆಯ ಮಾತಿನಲ್ಲೇ, ಪಾನಿ ಹೋನಾ—ನೀರು ಬೇಕು—ಮೂರು ಸಲ ಹೇಳಿ ಮೂರನೆಯದನ್ನು ಇಟ್ಟುಕೊಂಡಿದ್ದಳು. ಅಬ್ಬಾ ಮೊದಲ ಸಲ ಲೋಟವನ್ನು ನೋಡಿ ಗುರುತು ಹಿಡಿದರು, ಬಾಯಿಯ ಒಂದು ಕಡೆ ನಕ್ಕಿತು.

ಒಂದು ನಿಜವಾದ ಕೈಯಿಂದ ಒಂದು ಪರೀಕ್ಷೆ ಮಾಡು, ಯಂತ್ರದ ಬೆರಳು ಯಾವಾಗಲೂ ಒಂದೇ ಥರ ಇರತದ, ಎಂದು ಅದನ್ನೂ ಸರ್ ಅವರೇ ಅಂದಿದ್ದರು, ಈಗ ಮರೆತಿದ್ದಾರೆ, ಅಬ್ಬಾ ಲೋಟದ ಚಿತ್ರ ಮುಟ್ಟಿದ್ದನ್ನು ಟ್ಯಾಬು ಚುಕ್ಕೆ ಚುಕ್ಕೆಯಾಗಿ ಬರೆದುಕೊಂಡಿತ್ತು, ಎಲ್ಲಿ ಇಳಿಯಿತು, ಎಲ್ಲಿಗೆ ಸರಿಯಿತು, ಯಾವಾಗ ಎದ್ದಿತು, ಅರವತ್ತೊಂದು ಚುಕ್ಕೆ, ಎರಡು ಸೆಕೆಂಡಿಗೆ ಚೂರು ಕಡಿಮೆ, ಆ ಅರವತ್ತೊಂದನ್ನೇ ಅವಳು ಪರೀಕ್ಷೆಯ ಕೈಗೆ ಕೊಟ್ಟಳು, ಹೀಗೇ ಮುಟ್ಟು ಎಂದು. ಕೆಂಪು. ಮತ್ತೊಮ್ಮೆ ಕೆಂಪು. ಬೆರಳು ಇಳಿದ ಮೇಲೆ ಪರದೆಯ ಎಂಟು ಚುಕ್ಕೆಯಷ್ಟು ದೂರ ಸರಿದರೆ ಅದು ಒತ್ತುವುದಲ್ಲ, ಎಳೆಯುವುದು, ಮುಂದಿನ ಪುಟಕ್ಕೆ ಸರಿಸುವ ಎಳೆತ, ಕೋಡಿನಲ್ಲಿ ಹಾಗಿದೆ, ಎಲ್ಲರ ಫೋನಿನಲ್ಲೂ ಹಾಗೇ ಇರುತ್ತದೆ, ಪಂಚಶೀಲಾಳ ತಪ್ಪಲ್ಲ. ಕೈ ನಡುಗುತ್ತದೆ, ಅದಕ್ಕೇ ಸರಿಯುತ್ತದೆ, ಎಂದು ಅರ್ಜುಮಂದ ತೀರ್ಮಾನಿಸಿದಳು, ಪರೀಕ್ಷೆಯ ತಲೆಯ ಮೇಲೆ ಸದ್ಯಕ್ಕೆ ಬಿಡು ಎಂದು ಗುರುತು ಹಾಕಿದಳು, ಪಕ್ಕದಲ್ಲಿ ಒಂದು ಸಾಲಿನ ಕಾರಣ, ಬಳಕೆದಾರರಿಗೆ ತರಬೇತಿ ಕೊಡಲಾಗುವುದು. ಬಳಕೆದಾರರು. ಇನ್ನೂರ ಹನ್ನೆರಡು ಸಲ ಸರಿಯಿರುವ ಯಂತ್ರ ಮತ್ತು ಒಂದು ಸಲ ತಪ್ಪುವ ಅಬ್ಬಾ, ಇಬ್ಬರಲ್ಲಿ ತಿದ್ದಬೇಕಾದದ್ದು ಯಾರನ್ನು ಎಂದು ಅವಳು ಒಂದು ಕ್ಷಣವೂ ಯೋಚಿಸಲಿಲ್ಲ.

ತರಬೇತಿ ಕೊಟ್ಟಳು. ದಿನಾ ಸಂಜೆ, ಹಾಸಿಗೆಯ ಪಕ್ಕದಲ್ಲಿ ಕೂತು, ನಡುವ ಒತ್ತರಿ ಅಬ್ಬಾ, ಒಮ್ಮಿ ಮುಟ್ಟಿ ಎತ್ತಿಬಿಡ್ರಿ, ಸರಿಸಬ್ಯಾಡ್ರಿ, ಹಿಂಗ, ನೋಡ್ರಿ, ಟಕ್, ಎಂದು ತಾನೇ ಮುಟ್ಟಿ ತೋರಿಸುತ್ತಿದ್ದಳು, ಯಂತ್ರದ ಹಾಗೆ, ಪಾನಿ ಹೋನಾ, ಅಬ್ಬಾ ಅವಳ ಬೆರಳನ್ನು ಗಮನವಿಟ್ಟು ನೋಡುತ್ತಿದ್ದರು, ನಾಲ್ಕನೆಯ ಇಯತ್ತೆಯಲ್ಲಿ ಶಾಲೆ ಬಿಟ್ಟವರು ಮತ್ತೆ ಬೆಂಚಿನ ಮೇಲೆ ಕೂತ ಹಾಗೆ, ಆಮೇಲೆ ತಮ್ಮ ಬೆರಳು ಇಳಿಸುತ್ತಿದ್ದರು, ಅದು ಸರಿಯುತ್ತಿತ್ತು, ಮೂರಕ್ಕೆ ಒಂದು ಸಲ ಧ್ವನಿ ಬರುತ್ತಿತ್ತು. ಎಡಗೈ ನೆಟ್ಟಗದ ಅಲ್ರಿ, ಎಡಗೈಲೆ ಒತ್ತರಿ, ಎಂದಾಗ ಅವರು ಅವಳನ್ನೇ ನೋಡಿದರು, ಎಡಗೈಯಿಂದ ನೀರು ಕೇಳುವುದೇ, ನೀನು ಹೇಳುವ ಮಾತೇ ಇದು, ತಲೆ ಅಲ್ಲಾಡಿಸಿದರು, ನಕ್ಕೊ, ಬೇಡ ಎಂಬಂತೆ. ಬಾಗಿಲಲ್ಲಿ ನಿಂತಿದ್ದ ಅಮ್ಮಾ, ಸಾಕು ಮಾಡೇ, ನಲವತ್ತು ವರ್ಷ ಮಂದಿ ಮುಂದ ಕುಂತು ಕೆಲಸ ಮಾಡಿದವರಿಗಿ ಬೆರಳ ಇಡೋದು ಕಲಸಾಕ ಬಂದಾಳ. ನಿಮಗೇನ್ ಗೊತ್ತಾಗತದ ಅಮ್ಮಾ, ಎಂದಳು ಅರ್ಜುಮಂದ, ಅಬ್ಬಾನ ಎದುರಿಗೇ ಅಂದಳು, ಅವರು ಒತ್ತೋದೇ ಸರಿ ಇಲ್ಲ. ಅವರು ಒತ್ತೋದೇ ಸರಿ ಇಲ್ಲ. ಆ ವಾಕ್ಯ ಈಗ ಇಲ್ಲಿ, ಗೂಡ್ಸ್ ಗಾಡಿ ಹೋದ ಮೇಲಿನ ಈ ನಿಶ್ಶಬ್ದದಲ್ಲಿ, ಬೇರೆ ಯಾರೋ ಹೇಳಿದಂತೆ ಕೇಳಿಸುತ್ತದೆ. ಅದಾದ ಒಂದು ವಾರಕ್ಕೆ ಅಬ್ಬಾ ಟ್ಯಾಬನ್ನು ಮಗುಚಿ ಇಟ್ಟರು, ಗಾಜು ಕೆಳಗೆ, ಬೆನ್ನು ಮೇಲೆ, ಹಟ ಎಂದುಕೊಂಡಳು, ಮುದುಕರ ಹಟ.

ಹಟವಾಗಿರಲಿಲ್ಲ. ಹೋದ ಮಂಗಳವಾರ ಆ ಟ್ಯಾಬನ್ನು ಆಫೀಸಿಗೆ ತಂದಳು, ಹತ್ತನೆಯದಕ್ಕೆ ಹೊಸದು ಸಿಗಲಿಲ್ಲ, ಇದನ್ನೇ ಒರೆಸಿ ಕೊಡು ಎಂದಿದ್ದರು ಸರ್, ಒಳಗಿನ ದಾಖಲೆ ಅಳಿಸುವ ಮೊದಲು ತೆರೆದು ನೋಡಿದಳು. ಕೊನೆಯ ಪುಟ, ಅಬ್ಬಾ ಟ್ಯಾಬು ಮಗುಚಿಟ್ಟ ಗುರುವಾರದ್ದು, ಮಧ್ಯಾಹ್ನ ಮೂರು ಹನ್ನೆರಡು, ನೀರು, ಎಳೆತ. ಮೂರು ಹದಿಮೂರು, ನೀರು, ಎಳೆತ. ಮೂರು ಹದಿನಾರು. ಮೂರು ಇಪ್ಪತ್ತು. ನಾಲ್ಕು ಸಲ. ಅಲ್ಲಿಗೆ ಮುಗಿಯಿತು, ಆಮೇಲೆ ಯಾರೂ ಗಾಜನ್ನು ಮುಟ್ಟಿಲ್ಲ. ಅಮ್ಮಾ ಅವತ್ತು ತಂಗಿಯ ಮನೆಗೆ ಹೋಗಿದ್ದರು, ಅಬ್ಬಾನ ಹೊಣೆ ಅರ್ಜುಮಂದಳದು, ಅವಳು ಪಕ್ಕದ ಕೋಣೆಯಲ್ಲೇ ಇದ್ದಳು, ಬಾಗಿಲು ತೆರೆದೇ ಇತ್ತು, ಲ್ಯಾಪ್‌ಟಾಪಿನಲ್ಲಿ ಪರೀಕ್ಷೆ ಓಡುತ್ತಿತ್ತು, ಕಾಣದ ಬ್ರೌಸರಿನಲ್ಲಿ ಯಂತ್ರದ ಬೆರಳು ಅದೇ ಲೋಟವನ್ನು ಮುಟ್ಟುತ್ತಿತ್ತು, ನೀರು, ಹಸಿರು, ನೀರು, ಹಸಿರು, ಗೋಡೆಯ ಆ ಕಡೆ ನಿಜವಾದ ಬೆರಳು ಮುಟ್ಟುತ್ತಿತ್ತು, ಧ್ವನಿ ಬರಲಿಲ್ಲ, ಅವಳಿಗೆ ಕೇಳಲಿಲ್ಲ, ಕೇಳುವಂಥದ್ದು ಏನೂ ಇರಲಿಲ್ಲ. ಮೂರು ನಲವತ್ತಕ್ಕೆ ತಾನಾಗಿಯೇ ಎದ್ದು ನೀರು ತಂದು ಕುಡಿಸಿದ್ದಳು, ನೆನಪಿದೆ, ಒಂದೇ ಉಸಿರಿಗೆ ಕುಡಿದರು, ಗಲ್ಲದ ಮೇಲೆ ಇಳಿದದ್ದನ್ನು ಅವಳು ದುಪಟ್ಟಾದಿಂದ ಒರೆಸಿದಳು, ಅವರು ಗೋಡೆಯ ಕಡೆ ಮುಖ ತಿರುಗಿಸಿದರು, ಟ್ಯಾಬು ಆಗಲೇ ಮಗುಚಿತ್ತು. ಇಷ್ಟೇ. ಅರ್ಧ ಗಂಟೆಯ ಬಾಯಾರಿಕೆ, ಅದರಿಂದ ಯಾರೂ ಸಾಯುವುದಿಲ್ಲ, ಅವರು ಹೋದದ್ದು ಹನ್ನೊಂದು ದಿನದ ಮೇಲೆ, ಎರಡನೆಯ ಲಕ್ವಾ, ಡಾಕ್ಟರು ಹೇಳಿದ್ದಾರೆ. ಆದರೂ ಮೂರು ಇಪ್ಪತ್ತರಿಂದ ಮೂರು ನಲವತ್ತರ ತನಕ ಅವರು ಏನು ಅಂದುಕೊಂಡಿರಬಹುದು, ನನ್ನ ಬೆರಳೇ ಸರಿ ಇಲ್ಲ ಎಂದೇ.

ಮೇಜಿನ ಮೇಲಿನ ಫೋನು ಗುರ್ ಎಂದಿತು, ದೇವಿಕಾ ಮೇಡಂ, ಅರ್ಜುಮಂದ ಎತ್ತಿದಳು. ಹೊಂಟ್ರೇನ್ರಿ ನಿಮ್ಮ ಸರ್, ಇಲ್ಲಿ ಬೋನಾಳದ ಗೊಲ್ಲಾಳಮ್ಮ ಬೆಳಿಗ್ಗಿಯಿಂದ ಹೊಸ ಸೀರಿ ಉಟ್ಕೊಂಡು ಕುಂತಾಳ, ನಗಾಕತ್ತಾರ ಎಲ್ಲಾರೂ, ಮದವಿ ಮನಿಗಿ ಹೊಂಟೀಯೇನ್ ಮುದುಕಿ ಅಂತ, ಆಕಿ ಕೈ ಸನ್ನಿ ಮಾಡಿ ಬಾಯಿ ತೋರಸ್ತಾಳ, ಇವತ್ತು ನನ್ನ ಬಾಯಿ ಬರತದ ಅಂತ. ಮೇಡಂ ನಕ್ಕರು, ಆಮೇಲೆ ದನಿ ತಗ್ಗಿಸಿದರು, ಒಂದು ಕೇಳೋದಿತ್ತವ್ವಾ, ಆಕಿ ಬೆರಳಲೆ ಒತ್ತಂಗಿಲ್ಲ, ಹೋದ ಸಲ ಸುಮ್ನ ನನ್ನ ಫೋನ್ ಕೊಟ್ಟು ನೋಡೀನಿ, ಬಡಿದು ತಿರುವತಾಳ, ಜ್ವಾಳದ ರೊಟ್ಟಿ ಬಡಿದ ಕೈ ನೋಡು, ನಡೀತದಲ್ಲ, ಏನೂ ತ್ರಾಸ ಇಲ್ಲಲ್ಲ. ಬಡಿದು ತಿರುವುತ್ತಾಳೆ. ಅರ್ಜುಮಂದಳ ಬಾಯಲ್ಲಿ ಉತ್ತರ ಇದೆ, ಇನ್ನೂರ ಹನ್ನೆರಡು ಹಸಿರು ಅವಳ ಕಣ್ಣ ಮುಂದೇ ಇವೆ, ನಡೀತದ್ರಿ ಮೇಡಂ ಎನ್ನಬಹುದು, ಅಥವಾ ಆಕೆಗೂ ತರಬೇತಿ ಕೊಡ್ರಿ ಎನ್ನಬಹುದು, ನಡುವ ಒತ್ತು ಗೊಲ್ಲಾಳಮ್ಮಾ, ತಿರುವಬ್ಯಾಡ, ಟಕ್—ಹತ್ತನೆಯ ಟ್ಯಾಬು ಆಕೆಗೇ, ಅಬ್ಬಾನದ್ದು, ಗಾಜನ್ನು ಎಷ್ಟು ಒರೆಸಿದರೂ ಲೋಟದ ಜಾಗದಲ್ಲಿ ಒಂದು ಮಸುಕು ಇನ್ನೂ ಇದೆ ಎಂದು ಅವಳಿಗೆ ಅನ್ನಿಸುತ್ತದೆ. ಹತ್ತು ನಿಮಿಷದಾಗ ಹೇಳತೇನ್ರಿ ಮೇಡಂ. ಫೋನು ಇಟ್ಟಳು. ಅಳಿಸುವ ಮೊದಲು ಒಂದು ಸಲ ನೋಡಬೇಕು, ಒಂದೇ ಸಲ, ಅದನ್ನು ಅವಳು ಕಣ್ಣಿನಿಂದ ನೋಡಿಯೇ ಇಲ್ಲ, ಕೆಂಪು ಬಂದದ್ದನ್ನು ನೋಡಿದ್ದಾಳೆ, ಬೆರಳನ್ನು ನೋಡಿಲ್ಲ.

ಪರದೆ ಇರುವ ಬ್ರೌಸರಿನಲ್ಲಿ ಓಡು ಎಂದು ಬರೆದಳು, ಹತ್ತು ಪಟ್ಟು ನಿಧಾನ, ಮುಟ್ಟಿದ ಕಡೆ ಕಪ್ಪು ಚುಕ್ಕೆ ತೋರಿಸು. ಕಿಟಕಿ ತೆರೆಯಿತು, ಹಲಗೆ ಮೂಡಿತು, ಒಂಬತ್ತು ಚಿತ್ರ, ಎಡಮೂಲೆಯಲ್ಲಿ ಲೋಟ, ಯಾರೂ ಮುಟ್ಟದೆ ಕಪ್ಪು ಚುಕ್ಕೆಯೊಂದು ಬಿಳುಪಿನ ಎಡ ಅಂಚಿನ ಹತ್ತಿರ ಇಳಿಯಿತು, ನಿಂತಿತು. ನಡುಗುತ್ತದೆ ಎಂದುಕೊಂಡಿದ್ದಳು. ನಡುಗಲಿಲ್ಲ. ಮೆಲ್ಲಗೆ ಹೊರಟಿತು, ಲೋಟದ ದುಂಡು ಹಿಡಿದು, ಮೇಲಕ್ಕೇರಿ, ಬಲಕ್ಕೆ ಬಾಗಿ, ಅರ್ಧ ಸುತ್ತು, ಒಂದೇ ಗೆರೆಯಲ್ಲಿ, ಎಲ್ಲೂ ಅಂಚು ದಾಟದೆ, ಎದ್ದಿತು—ಮತ್ತೊಮ್ಮೆ ಓಡಿಸಿದಳು—ಎಡ ಅಂಚಿನಿಂದ ಹೊರಟು, ದುಂಡು ಹಿಡಿದು, ಇದನ್ನು ಎಲ್ಲಿ ನೋಡಿದ್ದಾಳೆ, ಎಲ್ಲಿ, ಸುರಪುರದಲ್ಲಿ, ದೇವಕ್ಕನ ಅಂಗಳದಲ್ಲಿ, ಇವಳಿಗೆ ಒಂಬತ್ತೋ ಹತ್ತೋ, ಬೇಸಿಗೆ ರಜೆ, ಮಗಳ ಮದುವೆಯ ಅಡಿಗೆಗೆಂದು ದೇವಕ್ಕ ಇಳಿಸಿಕೊಟ್ಟ ದೊಡ್ಡ ಕೊಳಗ, ಕಾದ ತಳಕ್ಕೆ ತವರದ ಕಡ್ಡಿ ಮುಟ್ಟಿಸಿ ಅರಳೆಯ ಉಂಡೆಯಿಂದ ಅಬ್ಬಾ ಒರೆಸುತ್ತಿದ್ದರು, ಅರ್ಧ ಸುತ್ತು, ಮತ್ತೆ ಅರ್ಧ ಸುತ್ತು, ಕರಿ ತಳದ ಮೇಲೆ ಬೆಳದಿಂಗಳು ಹರಿದ ಹಾಗೆ ಬಿಳುಪು, ನೀರಿಗೆ ಅದ್ದಿ ತೆಗೆದು ಆರಿದ ಮೇಲೆ ಬೆರಳು ಒದ್ದೆ ಮಾಡಿಕೊಂಡು ಒಳಗೆ ಅರ್ಧ ಸುತ್ತು ಸವರಿ ಬೆರಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು, ಬೆರಳು ಕಪ್ಪಾದರೆ ಕಲಾಯಿ ಹಿಡಿದಿಲ್ಲ, ಅದೇ ಅವರ ಪರೀಕ್ಷೆ, ಪ್ರತಿ ಪಾತ್ರೆಗೂ, ಸಣ್ಣ ಬಟ್ಟಲಿಗೂ. ಅವತ್ತು ಕಪ್ಪಾಗಿತ್ತು, ತಳದ ಅಂಚಿನಲ್ಲಿ ನಾಕಾಣೆಯಷ್ಟು ಜಾಗ. ಇರಲಿ ಬಿಡೋ ಖಾಜಾಹುಸೇನಾ, ಅಷ್ಟು ದೊಡ್ಡ ಕೊಳಗದಾಗ ಅದನ್ನ ಯಾರ್ ನೋಡಾಕ ಬರತಾರ, ಹೊತ್ತು ಮುಣುಗಾಕತ್ಯಾದ, ಎಂದಳು ದೇವಕ್ಕ. ಅಬ್ಬಾ ಆರಿದ ಕೊಳಗವನ್ನು ಮತ್ತೆ ಬೆಂಕಿಗೆ ಎತ್ತಿಟ್ಟರು, ಮಂದಿ ನೋಡಂಗಿಲ್ರಿ ಅಕ್ಕಾರ, ಹುಳಿ ನೋಡತದ. ಅಯ್ಯ, ನಿನ್ನ ಹುಳಿಗಿ ಕಣ್ಣು ಬ್ಯಾರೆ ಅದಾವೇನ, ಎಂದು ದೇವಕ್ಕ ನಕ್ಕಿದ್ದಳು.

ಮೂರನೆಯ ಸಲ ಓಡಿಸಿದಳು, ಕಪ್ಪು ಚುಕ್ಕೆ ಕಲಾಯಿಯ ಬಿಳುಪಿನ ಮೇಲೆ ಅರ್ಧ ಸುತ್ತು ಸವರಿ ಎದ್ದಿತು, ಕೆಂಪು. ಬೆರಳು ಸೋತಿರಲಿಲ್ಲ, ಲಕ್ವಾ ಉಳಿಸಿದ ಅರ್ಧ ಕೈಯಲ್ಲಿ ಅಬ್ಬಾ ತಮಗೆ ಗೊತ್ತಿದ್ದ ಹಾಗೆ ಪಾತ್ರೆ ಮುಟ್ಟಿದ್ದರು, ಪಾತ್ರೆಯನ್ನು ಬೇರೆ ಹೇಗೆ ಮುಟ್ಟುತ್ತಾರೆ, ತಾನೇ ಪಾತ್ರೆಯ ಚಿತ್ರ ಕೊಟ್ಟು ತಾನೇ ಟಕ್ ಎಂದು ಒತ್ತಲು ಹೇಳಿದವಳು, ಕಿಲುಬು ಎಲ್ಲಿತ್ತು, ಅವರ ಬೆರಳಿಗೆ ಕಪ್ಪು ಹತ್ತಿತ್ತು, ಅವರು ತೋರಿಸಿದ್ದರು, ಅವಳು ಬೆರಳನ್ನೇ ತೊಳೆಯಲು ಹೋಗಿದ್ದಳು. ಸದ್ಯಕ್ಕೆ ಬಿಡು ಎಂಬ ಸಾಲಿನ ಮೇಲೆ ಕರ್ಸರು ಮಿಟುಕುತ್ತಿದೆ. ಆ ಸಾಲನ್ನು ಅಳಿಸಿದಳು, ಪರೀಕ್ಷೆಯನ್ನಲ್ಲ, ಬಿಡು ಎಂಬ ಮಾತನ್ನು. ಮತ್ತೆ ಪೂರ್ತಿ ಓಡಿಸಿದಳು, ಶ್ರೀಮಂತ ಸರ್ ಮೇಜಿನ ಮೇಲೂ ಅದೇ ಪಟ್ಟಿ ತೆರೆದಿದೆ, ಕಟ್ಟಕಡೆಯ ಸಾಲು ಕೆಂಪಾಯಿತು, ಕುರ್ಚಿ ಹಿಂದಕ್ಕೆ ಸರಿದ ಸದ್ದು. ಏನವ್ವಾ ಇದು, ಮೂರು ಹತ್ತಾಗ್ಯಾದ. ಅವಳು ಎದ್ದು ನಿಂತಳು, ಯಾಕೆ ನಿಂತಳೋ, ಸರ್, ಇದು ಮೊದಲಿನಿಂದನೂ ಕೆಂಪೇ ಇತ್ತು, ನಾನೇ ಮುಚ್ಚಿಟ್ಟೀನಿ, ಹಲಗಿ ತಪ್ಪದ, ಅಬ್ಬಾ ಸರಿ ಒತ್ತಿದ್ರು. ಗೊಲ್ಲಾಳಮ್ಮ ಒತ್ತಿದರೂ ಮಾತು ಬರಂಗಿಲ್ಲ ಸರ್, ಆಕಿ ಕೈ ತಿರುವತಾಳಂತ, ಆಕಿನೂ ನಾಕು ಸಲ ಒತ್ತಿ ಗಾಜು ಮಗುಚಿ ಇಡತಾಳ. ಪಂಚಶೀಲಾ ಕಿವಿಯಿಂದ ಇಯರ್‌ಫೋನ್ ತೆಗೆದಳು. ಸರ್ ಕೆಂಪು ಸಾಲನ್ನು ನೋಡಿದರು, ಅವಳನ್ನು ನೋಡಿದರು, ಬಾಗಿಲ ಬಳಿ ಕಟ್ಟಿಟ್ಟ ಹತ್ತು ಟ್ಯಾಬಿನ ಪೆಟ್ಟಿಗೆಯನ್ನು ನೋಡಿದರು, ಬಯ್ಯುತ್ತಾರೆ ಎಂದುಕೊಂಡಳು, ಬಯ್ದಿದ್ದರೆ ಹಗುರವಾಗುತ್ತಿತ್ತು, ಅವರು ಕಿಸೆಯಿಂದ ಕಾರಿನ ಕೀಲಿ ತೆಗೆದು ಮೇಜಿನ ಮೇಲೆ ಇಟ್ಟರು, ದೇವಿಕಾ ಮೇಡಂಗ ನೀನ ಫೋನ್ ಮಾಡು, ಸೋಮವಾರ ಅಂತ ಹೇಳು, ಯಾಕಂತನೂ ನೀನ ಹೇಳು.

ಹೇಳಿದಳು, ಎಲ್ಲವನ್ನೂ, ಆ ಕಡೆ ಹಿಂದೆ ಯಾರೋ ಜೋರಾಗಿ ನಗುತ್ತಿದ್ದರು, ಸೋಮವಾರನೂ ಆಕಿ ಅದೇ ಸೀರಿ ಉಟ್ಕೊಂಡು ಬರತಾಳ ಬಿಡವ್ವಾ, ಎಂದರು ಮೇಡಂ. ಪಂಚಶೀಲಾ ಕುರ್ಚಿಯನ್ನು ಉರುಳಿಸಿಕೊಂಡು ಇವಳ ಪಕ್ಕಕ್ಕೇ ಬಂದಿದ್ದಾಳೆ, ಕಪ್ಪು ಚುಕ್ಕೆಯ ಓಟವನ್ನು ಎರಡು ಸಲ ನೋಡಿದಳು, ಮೂಗು ಒರೆಸಿಕೊಂಡು, ನನಗ್ಯಾಕ ತೋರಿಸಲಿಲ್ಲಲೇ ಆಗ, ಇದೇನ್ ದೊಡ್ಡ ಕೆಲಸ, ಯಾವ ಚಿತ್ರದಾಗ ಬೆರಳು ಇಳೀತದೋ ಅದೇ ಚಿತ್ರದಾಗ ಎದ್ದರ ಅದು ಒತ್ತಿದ್ದೇ, ನಡುವ ಎಷ್ಟರ ತಿರುಗಲಿ, ಕುಣೀಲಿ. ಇದೇನ್ ದೊಡ್ಡ ಕೆಲಸ. ಆರು ಸಾಲು. ಬರೆದಳು, ಕಂಪೈಲ್‌ಗೆ ಹಾಕಿದಳು, ಏಳು ನಿಮಿಷ ಬೇಕು, ಕೆಳಗೆ ಬಟ್ಟೆ ಅಂಗಡಿಯಲ್ಲಿ ಯಾರೋ ಥಾನು ಬಿಚ್ಚಿ ಹಾಸುವ ಸದ್ದು, ಸರ್ ಕಿಟಕಿಯಲ್ಲಿ ನಿಂತು ಹಳಿಗಳ ಕಡೆ ನೋಡುತ್ತಿದ್ದಾರೆ, ಆರು ಸಾಲು, ಏಳು ನಿಮಿಷ, ಅಬ್ಬಾ ಆ ಹಲಗೆಯ ಜೊತೆ ಇದ್ದದ್ದು ಎಂಬತ್ತಮೂರು ದಿನ. ಓಟ ಶುರುವಾಯಿತು, ಒಂದೇ ಚಿತ್ರದೊಳಗೆ ಎಳೆದು ಪುಟ ಸರಿಸುವ ಮೂರು ಪರೀಕ್ಷೆ ಕೆಂಪಾದವು, ಆಗೇ ಆಗತಾವ, ನಾಳಿಗಿ ಬಂದು ನೋಡತೇನಿ, ಎಂದು ಪಂಚಶೀಲಾ ಗೊಣಗಿದಳು, ಅರ್ಜುಮಂದಳ ಕಣ್ಣು ಕೆಳಗಿನ ಸಾಲಿನ ಮೇಲಿದೆ.

ಹಸಿರು. ಇಷ್ಟು ಸಣ್ಣದು. ಪರದೆ ಇರುವ ಬ್ರೌಸರಿನಲ್ಲಿ ಅದೊಂದನ್ನೇ ಮತ್ತೆ ಓಡಿಸಿದಳು, ನಿಧಾನ ಬೇಡ, ಅವರದೇ ವೇಗದಲ್ಲಿ, ಸದ್ದು ತೆರೆದು. ಚುಕ್ಕೆ ಇಳಿಯಿತು, ಬಿಳುಪಿನ ಮೇಲೆ ಅರ್ಧ ಸುತ್ತು ಸವರಿ ಎದ್ದಿತು, ಪಾನಿ ಹೋನಾ, ಅವಳದೇ ಧ್ವನಿ, ಮೂರನೆಯ ಸಲ ಹೇಳಿ ಇಟ್ಟುಕೊಂಡದ್ದು, ಕೋಣೆಯಲ್ಲಿ ಕೇಳಿಸಿತು, ಸರ್ ಕಿಟಕಿಯಿಂದ ತಿರುಗಿದರು, ಬ್ರೌಸರಿನ ಕಿಟಕಿ ಮುಚ್ಚಿಕೊಂಡಿತು, ಪರೀಕ್ಷೆಗೆ ಅಷ್ಟೇ ಬೇಕು, ಧ್ವನಿ ಬಂತು ಎಂದರೆ ಅದರ ಕೆಲಸ ಮುಗಿಯಿತು, ನೀರು ಬಂತೇ ಎಂದು ಅದು ಕಾಯುವುದಿಲ್ಲ. ಅರ್ಜುಮಂದಳ ಕೈ ಮೇಜಿನ ಮೇಲಿನ ಲೋಟದ ಕಡೆ ತಾನಾಗಿಯೇ ಹೋಗಿದೆ, ಎತ್ತಿಕೊಂಡಿದೆ, ತುಂಬಿದ ಲೋಟ, ಬಲಗೈಯಲ್ಲಿ, ಪರದೆಯ ಕಡೆಗೆ ಅರ್ಧ ಚಾಚಿ, ಯಾರಿಗೆ—ಎಡಗೈಯಿಂದ ಮತ್ತೆ ಓಡಿಸಿದಳು, ಬೆರಳು ಇಳಿಯಿತು, ಎಡ ಅಂಚಿನಿಂದ, ದುಂಡು ಹಿಡಿದು, ಪಾನಿ ಹೋನಾ, ಮತ್ತೆ ಓಡಿಸಿದಳು, ಬೆರಳು ಇಳಿಯಿತು, ಕಲಾಯಿಯ ಬಿಳುಪಿನ ಮೇಲೆ, ಅರ್ಧ ಸುತ್ತು, ಕಪ್ಪು ಚುಕ್ಕೆ.